ಜಮೀಲಮ್ಮನ ಬೆಕ್ಕಿನ ಒಂದು ಚಳಿಗಾಲ

ಮೊನ್ನೆ ಬೆಳಿಗ್ಗೆ ಪೇಪರ್ ಬಿಡಿಸಿದರೆ ಅದರ ಮಧ್ಯದಿಂದ ಒಂದು ನುಣುಪಾದ ಬಣ್ಣದ ಕಾಗದ ಜಾರಿ ನನ್ನ ಕಾಫಿ ಲೋಟದ ಪಕ್ಕಕ್ಕೆ ಬಿತ್ತು. ಮೈಸೂರು ರಸ್ತೆಯಲ್ಲಿ ಹೊಸದಾಗಿ ತೆರೆದಿರುವ ಯಾವುದೋ ಸಾಕುಪ್ರಾಣಿ ಅಂಗಡಿಯ ಜಾಹೀರಾತು. ಮೇಲುಗಡೆ ಉಣ್ಣೆ ಟೋಪಿ ಹಾಕಿಕೊಂಡ ಒಂದು ನಾಯಿಯ ಚಿತ್ರ. ಆ ನಾಯಿಯ ಮುಖ ನೋಡಿದರೆ ಟೋಪಿ ಹಾಕಿದವನನ್ನು ಕಚ್ಚಲು ಸಮಯ ಕಾಯುತ್ತಿರುವಂತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ ಮೂರು ಪ್ರಶ್ನೆ. ಈ ಚಳಿಗಾಲದಲ್ಲಿ ನಿಮ್ಮ ಮುದ್ದಿನ ಜೀವ ಸುರಕ್ಷಿತವಾಗಿದೆಯೇ? ಚಟುವಟಿಕೆಯಿಂದ ಇದೆಯೇ? ಅದಕ್ಕೆ ಸಾಕಷ್ಟು ಮನರಂಜನೆ ಸಿಗುತ್ತಿದೆಯೇ?

ಮೊದಲ ಎರಡು ಪ್ರಶ್ನೆಯನ್ನು ಹೇಗೋ ಸಹಿಸಿಕೊಂಡೆ. ಮನರಂಜನೆ ಎನ್ನುವಲ್ಲಿಗೆ ಬಂದಾಗ ಕಾಫಿ ಗಂಟಲಿಗೆ ಸಿಕ್ಕಿತು.

ಸ್ವಾಮಿ, ನಾನು ಪಶು ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವನು. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೂ ಮಾಗಡಿ ಸೀಮೆಯ ಹಳ್ಳಿಗಳಲ್ಲಿ ನನ್ನನ್ನು ಡಾಕ್ಟರೆಂದೇ ಕರೆಯುತ್ತಿದ್ದರು, ನಾನೂ ತಿದ್ದುವ ಗೋಜಿಗೆ ಹೋಗಲಿಲ್ಲ. ಅಷ್ಟು ವರ್ಷದಲ್ಲಿ ಹಸುವಿಗೆ ಹೊಟ್ಟೆ ಉಬ್ಬರಿಸಿದೆ ಎಂದು ಬಂದವರಿದ್ದಾರೆ, ಎಮ್ಮೆ ಈದ ಮೇಲೆ ಕಸ ಬೀಳಿಸಿಲ್ಲ ಎಂದು ಬಂದವರಿದ್ದಾರೆ, ಕುರಿ ಕುಂಟುತ್ತದೆ ಎಂದು ಹೆಗಲ ಮೇಲೆ ಹೊತ್ತು ತಂದವರಿದ್ದಾರೆ. ನಮ್ಮ ಹಸುವಿಗೆ ಬೇಜಾರಾಗಿದೆ, ಏನಾದರೂ ಮನರಂಜನೆ ಬರೆದುಕೊಡಿ ಎಂದು ಒಬ್ಬನೂ ಬಂದವನಲ್ಲ.

ಇನ್ನು ಚಳಿ. ಚಳಿ ಎಂಬ ಮಾತನ್ನು ನಮ್ಮ ರಾಮನಗರದವರು ಬಾಯಿಗೆ ತರಲೇಬಾರದು. ಬೆಳಿಗ್ಗೆ ಒಂದಿಷ್ಟು ಮಂಜು ಬೆಟ್ಟದ ಸೊಂಟದ ತನಕ ಬಂದು ನಿಂತಿರುತ್ತದೆ. ಹತ್ತು ಗಂಟೆಯ ಹೊತ್ತಿಗೆ ಬಂಡೆಗಳೆಲ್ಲ ಕಾದು, ಮಧ್ಯಾಹ್ನ ಹೊರಗೆ ಹೋದರೆ ಚಪ್ಪಲಿ ಅಂಟುತ್ತದೆ. ಇದಕ್ಕೆ ಜನ ಕಿವಿಗೆ ಮಫ್ಲರ್ ಸುತ್ತುತ್ತಾರೆ. ಸುತ್ತಿಕೊಳ್ಳಲಿ, ಅವರ ಕಿವಿ. ಆದರೆ ಎದುರು ಮನೆಯ ಹೆಣ್ಣುಮಗಳು ಶ್ವೇತಾ ಸಾಕಿರುವ ಗಿಡ್ಡ ಮೂತಿಯ ನಾಯಿಗೆ ನಾಲ್ಕು ತೋಳಿನ ಕೆಂಪು ಸ್ವೆಟರು. ಅದು ಆ ಸ್ವೆಟರಿನಲ್ಲಿ ಬಿಸಿಲಿಗೆ ನಿಂತು, ನಾಲಿಗೆ ಹೊರಹಾಕಿ ಏದುಸಿರು ಬಿಡುತ್ತಿರುತ್ತದೆ. ನನ್ನ ಊರು ಗುಡೇಮಾರನಹಳ್ಳಿಯಲ್ಲಿ ನಮ್ಮಪ್ಪ ಸಾಕಿದ್ದ ಕರಿಯನಾಯಿ ಅದನ್ನು ಕಂಡಿದ್ದರೆ ಇದು ಯಾವ ಜಾತಿಯ ಪ್ರಾಣಿ ಎಂದು ಮೂಸಿ ನೋಡಿ, ಅವಮಾನ ತಾಳಲಾರದೆ ಹೊಲದ ಕಡೆ ಹೊರಟುಹೋಗುತ್ತಿತ್ತು. ಕರಿಯ ಚಳಿಗಾಲವೆಲ್ಲ ತಿಪ್ಪೆಯ ಮೇಲೆ ಮಲಗುತ್ತಿತ್ತು. ತಿಪ್ಪೆ ಒಳಗೊಳಗೇ ಬೆಚ್ಚಗಿರುತ್ತದೆಂದು ಅದಕ್ಕೆ ಯಾವ ಅಂಗಡಿಯವನೂ ಕಾಗದ ಹಂಚಿ ಹೇಳಿರಲಿಲ್ಲ.

ಹೀಗೆ ಹೀಯಾಳಿಸುತ್ತಾ ಕೂರುವುದು ನಿವೃತ್ತಿಯಾದ ಮೇಲೆ ನನಗಿರುವ ದೊಡ್ಡ ಸುಖ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ಆವತ್ತು ಆ ಸುಖ ಹೆಚ್ಚು ಹೊತ್ತು ನಿಲ್ಲಲಿಲ್ಲ. ಶ್ವೇತಾ ಅದೇ ಕಾಗದ ಹಿಡಿದುಕೊಂಡು ಗೇಟು ತೆಗೆದು ಬಂದಳು. ಚಳಿ ಶುರುವಾದಾಗಿನಿಂದ ಅವಳ ನಾಯಿ ಮೂಲೆ ಹಿಡಿದು ಮಲಗಿದೆಯಂತೆ, ಆಟಕ್ಕೂ ಏಳುವುದಿಲ್ಲವಂತೆ, ನೀವು ಡಾಕ್ಟರಲ್ಲವೇ ಅಂಕಲ್, ಒಂದು ಮಾತು ಹೇಳಿ ಎಂದಳು. ಸ್ವೆಟರು ಬಿಚ್ಚಿ ಬಿಸಿಲಿಗೆ ಬಿಡು ಎಂದು ಹೇಳಿ ಕಳಿಸಬೇಕೆಂದು ಬಾಯಿ ತೆರೆದೆ. ತೆರೆದ ಬಾಯಿ ಅರ್ಧ ಗಂಟೆ ಮುಚ್ಚಲಿಲ್ಲ. ಎಲ್ಲಿ ಮಲಗುತ್ತದೆ ನೋಡು, ನೆಲ ತಣ್ಣಗಿದ್ದರೆ ಗೋಣಿಚೀಲ ಹಾಕು. ಕಾರು ತೆಗೆಯುವ ಮುಂಚೆ ಕೆಳಗೆ ಬಗ್ಗಿ ನೋಡು, ಬೀದಿಯ ಬೆಕ್ಕು ಸೇರಿಕೊಂಡಿರಬಹುದು, ಬಾನೆಟ್ ತಟ್ಟು. ಒಂದೇ ಸಲ ಬಹಳ ಓಡಿಸಬೇಡ, ದಿನಕ್ಕೆ ನಾಲ್ಕು ಸಲ ಒಂದೊಂದು ಚೂರು ಆಡಿಸು. ತಿಂಡಿಯನ್ನು ತಟ್ಟೆಗೆ ಸುರಿಯಬೇಡ, ಅಲ್ಲಲ್ಲಿ ಬಚ್ಚಿಟ್ಟು ಹುಡುಕಿಸು. ದಾರ, ರಬ್ಬರು, ಏನೂ ಬಾಯಿಗೆ ಸಿಗದ ಹಾಗೆ ಎತ್ತಿಡು. ಅವಳು ಮೊಬೈಲಿನಲ್ಲಿ ಬರೆದುಕೊಂಡು ಥ್ಯಾಂಕ್ಸ್ ಹೇಳಿ ಹೋದಳು. ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದ ನನ್ನ ಹೆಂಡತಿ ಜಯ ತಲೆ ಎತ್ತದೆ ಕೇಳಿದಳು.

“ಇಷ್ಟೆಲ್ಲ ಯಾರು ಕಲಿಸಿದ್ದು ಅಂತ ಆ ಮಗೂಗೆ ಹೇಳಿದ್ರಾ?”

ಹೇಳಿರಲಿಲ್ಲ. ನಿಮಗೆ ಹೇಳುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಮಾಗಡಿ ಕಡೆಯಿಂದ ನನಗೆ ರಾಮನಗರದ ಹತ್ತಿರಕ್ಕೆ ವರ್ಗವಾಗಿತ್ತು. ರಾಮನಗರದ ಊರೊಳಗೆ ರೇಷ್ಮೆ ನೂಲು ತೆಗೆಯುವವರು ಹೆಚ್ಚಾಗಿರುವ ಒಂದು ಓಣಿಯಲ್ಲಿ ಬಾಡಿಗೆಗೆ ಮನೆ ಹಿಡಿದೆವು. ಆ ಓಣಿಗೆ ಕಾಲಿಟ್ಟವರಿಗೆ ಮೊದಲು ಮೂಗಿಗೆ ಬಡಿಯುವುದು ಬೇಯುತ್ತಿರುವ ಗೂಡಿನ ವಾಸನೆ. ಒಂದು ವಾರ ನಾವು ಊಟ ಸರಿಯಾಗಿ ಮಾಡಲಿಲ್ಲ, ಎರಡನೆಯ ವಾರ ವಾಸನೆ ಇದೆ ಎಂಬುದೇ ಮರೆತುಹೋಯಿತು. ನಮ್ಮ ಹಿತ್ತಲಿಗೆ ಅಂಟಿಕೊಂಡಂತೆ ಜಮೀಲಮ್ಮನ ಶೆಡ್ಡು. ಅದರೊಳಗೆ ನಾಲ್ಕು ಚರಕ, ಒಂದೊಂದರ ಮುಂದೆಯೂ ಬಿಸಿನೀರಿನ ಬಾಣಲೆ, ಬಾಣಲೆಯ ಕೆಳಗೆ ಮಣ್ಣಿನ ಒಲೆ. ಗಂಡ ತೀರಿಕೊಂಡ ಮೇಲೆ ಎಲ್ಲವನ್ನೂ ಅವರೇ ನಡೆಸುತ್ತಿದ್ದರು. ಬೆಳಿಗ್ಗೆ ಮಾರ್ಕೆಟ್ಟಿಗೆ ಹೋಗಿ, ಗಂಡಸರ ನಡುವೆ ನಿಂತು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ಹರಾಜು ಕೂಗಿ ತರುತ್ತಿದ್ದರು. ಐವತ್ತರ ಆಸುಪಾಸಿನ ಹೆಂಗಸು. ಬಿಸಿನೀರಿನಲ್ಲಿ ನೆನೆದು ನೆನೆದು ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕಾಗಿರುತ್ತಿದ್ದವು. ಮಾತು ಕಡಿಮೆ, ಆಡಿದರೆ ಕೇಳಿದವನು ಎರಡು ದಿನ ನೆನೆಸಿಕೊಳ್ಳಬೇಕು, ಹಾಗೆ.

ಅವರ ಬೆಕ್ಕಿನ ಹೆಸರು ಗೂಡಿ. ತೆಳು ಹಳದಿ ಬಣ್ಣದ ಹೆಣ್ಣು ಬೆಕ್ಕು, ಸುತ್ತಿಕೊಂಡು ಮಲಗಿದರೆ ಥೇಟ್ ರೇಷ್ಮೆಗೂಡು. ಬೇಸಿಗೆಯಲ್ಲಿ ಅದು ಎಲ್ಲಿ ಮಲಗುತ್ತಿತ್ತೋ ಯಾರಿಗೂ ಗೊತ್ತಿಲ್ಲ. ಚಳಿ ಶುರುವಾದ ಮೇಲೆ ಮಾತ್ರ ಅದರ ವಿಳಾಸ ಒಂದೇ: ಒಲೆಯ ಒಳಗೆ. ಸಂಜೆ ಕೆಲಸ ಮುಗಿದು ಬೆಂಕಿ ಆರಿದ ಮೇಲೂ ಬೂದಿ ಬೆಳಗಿನ ತನಕ ಬೆಚ್ಚಗಿರುತ್ತದಲ್ಲ, ಅದರೊಳಗೆ ನುಗ್ಗಿ, ತೀರ ಹಿಂದಕ್ಕೆ ಹೋಗಿ ಮಲಗುತ್ತಿತ್ತು. ಬೆಳಿಗ್ಗೆ ಆರು ಗಂಟೆಗೆ ಜಮೀಲಮ್ಮ ಶೆಡ್ಡಿಗೆ ಬಂದವರು ಬೆಂಕಿಪೊಟ್ಟಣ ಮುಟ್ಟುವ ಮುಂಚೆ ಕಬ್ಬಿಣದ ಸೌಟಿನಿಂದ ನಾಲ್ಕೂ ಒಲೆಗಳ ಬಾಯಿಗೆ ಮೂರು ಮೂರು ಸಲ ತಟ್ಟಿ, “ಗೂಡೀ, ನಿಕಲ್” ಎನ್ನುತ್ತಿದ್ದರು. ಯಾವುದೋ ಒಂದು ಒಲೆಯಿಂದ ಮೈಯೆಲ್ಲ ಬೂದಿಯಾದ ಒಂದು ಪ್ರಾಣಿ ಮೈಮುರಿಯುತ್ತಾ ಹೊರಗೆ ಬರುತ್ತಿತ್ತು. ಆಮೇಲೂ ಅವರು ಒಲೆಯೊಳಕ್ಕೆ ಕೈಹಾಕಿ ತಡಕಿ ನೋಡಿಯೇ ಉರಿ ಹಚ್ಚುವುದು.

ನಾನು ಹಿತ್ತಲಲ್ಲಿ ಹಲ್ಲುಜ್ಜುತ್ತಾ ಇದನ್ನು ದಿನಾ ನೋಡಿ ನಗುತ್ತಿದ್ದೆ. ಬೆಕ್ಕಿಗೆ ಸುಪ್ರಭಾತ ಎಂದು ಜಯನಿಗೆ ಹೇಳುತ್ತಿದ್ದೆ. ದನದ ಡಾಕ್ಟರೆಂಬ ಗತ್ತು ಬೇರೆ. ನನ್ನ ಲೆಕ್ಕದಲ್ಲಿ ಹಾಲು ಕೊಡುವುದು, ಉಳುವುದು, ಗೊಬ್ಬರ ಹಾಕುವುದು, ಮೊಟ್ಟೆಯಿಡುವುದು ಇವು ಪ್ರಾಣಿಗಳು. ನಾಯಿ ಕಾವಲಿಗೆ ಅಂತ ಒಂದಿಷ್ಟು ಮಾರ್ಜಿನ್ನಿನಲ್ಲಿ ಪಾಸು. ಬೆಕ್ಕು ಪೂರ್ತಿ ಫೇಲು. ಒಂದು ಸಲ ಜಮೀಲಮ್ಮ ಬೇಲಿಯಾಚೆಯಿಂದ, ಚಳಿಗೆ ಅದು ಒಸಿ ಮಂಕಾಗೈತೆ, ಏನು ಮಾಡಬಹುದು ಎಂದು ಕೇಳಿದರು. ಬೆಕ್ಕಿಗೆಂಥ ಚಳಿ ಜಮೀಲಮ್ಮ, ಇಲಿ ಕಡಿಮೆ ಸಿಕ್ಕಿರಬೇಕು ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಹಾಳು ಗೂಡು ಸಿಕ್ಕಾಗ ಬದಿಗೆ ಎಸೆಯುವಂತೆ ಮುಖವನ್ನು ಅತ್ತ ತಿರುಗಿಸಿಕೊಂಡರು. ಮತ್ತೆ ಆ ವಿಷಯ ಕೇಳಲಿಲ್ಲ.

ಕೇಳಬೇಕಾದ ಸಂದರ್ಭ ಧನುರ್ಮಾಸದಲ್ಲಿ ಬಂತು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಅವರ ತಮ್ಮನ ಮಗಳ ಮದುವೆ. ನಾಲ್ಕು ದಿನ ಶೆಡ್ಡು ಬಾಗಿಲು ಹಾಕುವುದೆಂದಾಯಿತು. ಬೆಕ್ಕಿನ ಊಟದ ಹೊಣೆಯನ್ನು ಜಯ ಒಪ್ಪಿಕೊಂಡಿದ್ದಳು. ಹೊರಡುವ ಹಿಂದಿನ ದಿನ ಜಮೀಲಮ್ಮ ನಮ್ಮ ಮನೆಯೊಳಕ್ಕೇ ಬಂದರು. ಹಾಗೆ ಒಳಗೆ ಬಂದದ್ದು ಅದೇ ಮೊದಲು. ಜಯನಿಗೆ ಹೇಳಿಯಾಗಿತ್ತು, ಆದರೂ ನನ್ನ ಮುಂದೆ ನಿಂತು ಹೇಳಿದರು.

“ನನ್ನ ಒಲೆ ನಾಕು ದಿನ ತಣ್ಣಗಿರ್ತವೆ ಡಾಕ್ಟ್ರೇ. ಅದು ಬೆಚ್ಚಗಿರೋ ಜಾಗ ಹುಡುಕ್ಕೊಂಡು ನಿಮ್ಮ ನೀರೊಲೆಗೆ ಬತ್ತದೆ. ಹೊತ್ಸೋಕೆ ಮುಂಚೆ ಮೂರು ಸತಿ ತಟ್ಟಿ. ಮರೀಬ್ಯಾಡಿ.”

ನಾನು ಪೇಪರ್ ಮಡಿಸಿಟ್ಟು ಅವರಿಗೆ ಒಂದು ಭಾಷಣವನ್ನೇ ಮಾಡಿದೆ. ಪ್ರಾಣಿಗಳಿಗೆ ಹುಟ್ಟುಗುಣ ಎಂದು ಒಂದಿರುತ್ತದೆ, ಬೆಂಕಿ ಎಂದರೆ ಕಾಡಿನ ಆನೆಯೂ ಓಡುತ್ತದೆ, ಹೊಗೆಯ ವಾಸನೆ ಬಂದರೆ ಸಾಕು ನಿಮ್ಮ ಬೆಕ್ಕು ಚನ್ನಪಟ್ಟಣದ ಮದುವೆಮನೆಗೇ ಬಂದು ಸೇರುತ್ತದೆ ಎಂದೆಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಂಡು, ಮೂರು ಸತಿ ಎಂದು ಇನ್ನೊಮ್ಮೆ ಹೇಳಿ ಹೋದರು.

ಮೂರನೆಯ ದಿನ ನನಗೆ ಬೇಗ ಹೊರಡಬೇಕಿತ್ತು. ಯಾವುದೋ ಹಳ್ಳಿಯಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕುವ ಕೆಲಸ. ಬಚ್ಚಲಿನ ಒಲೆ ಹಚ್ಚುವುದು ದಿನಾ ಜಯನ ಪಾಲಿನದು. ಅವಳು ಆಗ ಹಾಲು ತರಲು ಹೋಗಿದ್ದಳು. ಸರಿ, ನಾನೇ ಹಚ್ಚಿದೆ. ತಟ್ಟಬೇಕೆಂಬುದು ನೆನಪಿರಲಿಲ್ಲವೇ ಎಂದು ನೀವು ಕೇಳಬಹುದು. ನೆನಪಿತ್ತು. ಚೆನ್ನಾಗಿಯೇ ನೆನಪಿತ್ತು. ಯಾರೂ ನೋಡದಿರುವಾಗಲೂ ಒಲೆಯ ಮುಂದೆ ಕೂತು ಬೆಕ್ಕನ್ನು ಕರೆಯುವುದು ನನ್ನಂಥವನಿಗೆ ನಾಚಿಕೆಗೇಡು ಎನ್ನಿಸಿತು. ಒಣಗಿದ ಹಿಪ್ಪುನೇರಳೆ ಕಡ್ಡಿಯನ್ನು ಒಲೆಯ ಬಾಯಿಗೆ ತುರುಕಿ, ತೆಂಗಿನ ಗರಿಗೆ ಬೆಂಕಿ ಹಚ್ಚಿ ಒಳಕ್ಕೆ ತಳ್ಳಿದೆ. ಉರಿ ಹತ್ತಿತು. ಒಳಗಿನಿಂದ ಸಣ್ಣಗೆ ಒಂದು ಶಬ್ದ ಬಂತು. ನಡುವೆ ಸೇರಿದ ಯಾವುದೋ ಹಸಿ ಕಡ್ಡಿ ಸಿಳ್ಳೆ ಹಾಕುತ್ತಿದೆ ಎಂದುಕೊಂಡು ಊದುಗೊಳವೆ ತೆಗೆದುಕೊಂಡು ಜೋರಾಗಿ ಊದಿದೆ.

ಆ ಊದಿದ್ದನ್ನು ನಾನು ಇಪ್ಪತ್ತು ವರ್ಷ ಯಾರಿಗೂ ಹೇಳಲಿಲ್ಲ. ಜಯನಿಗೂ ಹೇಳಿಲ್ಲ.

ಅಷ್ಟರಲ್ಲಿ ಜಯ ಹಾಲಿನ ಚೊಂಬು ಹಿಡಿದು ಹಿತ್ತಲಿಗೆ ಬಂದಳು. ಆ ಶಬ್ದ ಏನೆಂದು ಅವಳಿಗೆ ತಕ್ಷಣ ಗೊತ್ತಾಯಿತು. ಚೊಂಬನ್ನು ಎಲ್ಲಿ ಬಿಟ್ಟಳೋ, ನನ್ನನ್ನು ಪಕ್ಕಕ್ಕೆ ತಳ್ಳಿ, ಉರಿಯುತ್ತಿದ್ದ ಕಡ್ಡಿಯನ್ನು ಬರಿಗೈಯಲ್ಲೇ ಹಿಡಿದು ಹೊರಕ್ಕೆಳೆದಳು. ಬೆಕ್ಕು ಬೆಂಕಿಯ ಮೇಲೆಯೇ ಹಾರಿ ಹೊರಗೆ ಬಂದು, ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ಸೇರಿಕೊಂಡಿತು. ನಾನು ಊದುಗೊಳವೆ ಹಿಡಿದು ನಿಂತೇ ಇದ್ದೆ.

ಮುಂದಿನ ಪಾದಗಳು ಎರಡೂ ಸುಟ್ಟಿದ್ದವು. ಒಂದು ಕಿವಿಯ ತುದಿ, ಒಂದು ಪಕ್ಕೆಯ ಕೂದಲು, ಬಾಲದ ಕೂದಲು, ಮೀಸೆ ಎಲ್ಲ ಹೋಗಿದ್ದವು. ಪಾದಕ್ಕೆ ತಣ್ಣೀರು ಬಿಡುತ್ತಾ ಕೂತೆ. ಜಯ ತನ್ನ ಅಂಗೈಯನ್ನೂ ಅದೇ ನೀರಿಗೆ ಒಡ್ಡಿ ಪಕ್ಕದಲ್ಲಿ ಕೂತಳು. ನೋವಿಗೆ ತಲೆನೋವಿನ ಮಾತ್ರೆ ಚೂರು ಕೊಡೋಣವೇ ಎಂದು ಕೇಳಿದಳು. ಅದು ಬೆಕ್ಕಿಗೆ ವಿಷ, ಕೊಡಬಾರದು ಎಂದೆ. ಆವತ್ತು ನಾನು ಮಾಡಿದ ಒಂದೇ ಒಂದು ಸರಿಯಾದ ಕೆಲಸ ಅದು. ನನಗಿಂತ ಹದಿನೈದು ವರ್ಷ ಚಿಕ್ಕವರಾದ ನಮ್ಮ ಡಾಕ್ಟರು ಮಧ್ಯಾಹ್ನ ಮನೆಗೇ ಬಂದರು. ಗಾಯ ತೊಳೆದು, ಬಿಳಿ ಮುಲಾಮು ಹಚ್ಚಿ, ಬಟ್ಟೆ ಸುತ್ತಿದರು. ಬದುಕುತ್ತದೆ, ಆದರೆ ಒಂದು ತಿಂಗಳು ಹೊರಗೆ ಅಲೆಯಲು ಬಿಡಬೇಡಿ ಎಂದರು. ಬೆಚ್ಚಗೆ, ಒಣಗಿದ ಜಾಗದಲ್ಲಿರಬೇಕು, ಗಾಯ ನೆಕ್ಕಬಾರದು. ಸುಮ್ಮನೆ ಮಲಗಲೂ ಬಿಡಬೇಡಿ, ಹೊಸ ಚರ್ಮ ಬಿಗಿದುಕೊಂಡರೆ ಕಾಲು ಮಡಚಿಹೋಗುತ್ತದೆ, ದಿನಾ ನಡೆಸಿ, ಆಡಿಸಿ ಎಂದರು. ಆಡಿಸಿ ಎನ್ನುವಾಗ ಅವರಿಗೆ ನಗು ಬಂದಿರಬೇಕು, ನನ್ನ ಅಭಿಪ್ರಾಯಗಳನ್ನು ಆಸ್ಪತ್ರೆಯಲ್ಲಿ ಬೇಕಾದಷ್ಟು ಕೇಳಿದ್ದವರು.

ಮಾರನೆಯ ದಿನ ಸಂಜೆ ಜಮೀಲಮ್ಮ ಮದುವೆಯಿಂದ ಬಂದರು. ಕೈಯಲ್ಲಿ ನಮಗೆಂದು ತಂದ ಸಿಹಿಯ ಡಬ್ಬಿ. ಬೆಕ್ಕು ನಮ್ಮ ನಡುಮನೆಯ ಮೂಲೆಯಲ್ಲಿ ಜಯನ ಹಳೆಯ ಸೀರೆಯ ಮೇಲೆ ಮಲಗಿತ್ತು. ಅವರು ಡಬ್ಬಿಯನ್ನು ನೆಲದ ಮೇಲಿಟ್ಟು, ಅದರ ಹತ್ತಿರ ಕೂತು, ಮುಟ್ಟದೆ ಬಹಳ ಹೊತ್ತು ನೋಡಿದರು. ಆಮೇಲೆ ತಿರುಗಿ ನನ್ನನ್ನು ಕೇಳಿದರು.

“ತಟ್ಟಿದ್ರಾ?”

ಜಯ ಅಡುಗೆಮನೆಯ ಬಾಗಿಲಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡು ನಿಂತಿದ್ದಳು. ನಾನು ತಟ್ಟಿದೆ ಎಂದೆ. ತಟ್ಟಿದೆ, ಅದು ಬರಲಿಲ್ಲ, ಇಲ್ಲವೆಂದುಕೊಂಡು ಹಚ್ಚಿಬಿಟ್ಟೆ ಎಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಹೇಳುತ್ತಿರುವಾಗ ನನಗೇ ಅದು ನಿಜವೆನ್ನಿಸಿತು.

ಜಮೀಲಮ್ಮ ದನಿ ಎತ್ತಲಿಲ್ಲ. “ಏಳು ವರ್ಸದಿಂದ ತಟ್ತಾ ಇವ್ನಿ ಡಾಕ್ಟ್ರೇ,” ಎಂದರು. “ಒಂದಿನಾನೂ ಬರದೆ ಇದ್ದಿಲ್ಲ.”

ಅಷ್ಟೇ. ಬೆಕ್ಕನ್ನು ಎತ್ತಿಕೊಂಡು ಹೋಗುತ್ತಾರೆ, ಈ ಪೀಡೆ ತೊಲಗುತ್ತದೆ ಎಂದು ನಾನು ಕಾಯುತ್ತಿದ್ದೆ. ಅವರು ಎದ್ದು ನಿಂತು ಸೆರಗು ಕೊಡವಿಕೊಂಡರು. ತಮ್ಮಲ್ಲಿ ನಾಲ್ಕು ಒಲೆ ಉರಿಯುತ್ತವೆ, ಹೊಗೆ, ಹಬೆ, ನೆಲವೆಲ್ಲ ನೀರು, ಅಲ್ಲಿ ಈ ಗಾಯ ವಾಸಿಯಾಗುವುದಿಲ್ಲ, ಇಲ್ಲೇ ಇರಲಿ ಎಂದರು. “ನೀವೇ ನೋಡ್ಕಳಿ. ಜಯಮ್ಮ ಅಲ್ಲ, ನೀವು.” ಸಿಹಿಯ ಡಬ್ಬಿಯನ್ನು ಜಯನ ಕೈಗೆ ಕೊಟ್ಟು ಹೋದರು.

ಅವರು ಹೋದ ಮೇಲೆ ಜಯ ಒಂದೇ ಮಾತು ಹೇಳಿದಳು. ಮೊದಲ ಎರಡು ದಿನವೂ ಅವಳು ತಟ್ಟಿದ್ದಳಂತೆ, ಎರಡು ದಿನವೂ ಗೂಡಿ ನಮ್ಮ ನೀರೊಲೆಯಿಂದ ಹೊರಗೆ ಬಂದಿತ್ತಂತೆ. ನಗುತ್ತೀರೆಂದು ನಿಮಗೆ ಹೇಳಿರಲಿಲ್ಲ ಎಂದಳು. ಆಮೇಲೆ ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು.

ಹೀಗೆ, ಬೆಕ್ಕನ್ನು ಫೇಲು ಮಾಡಿದ್ದ ಮಹಾನುಭಾವ ಒಂದು ತಿಂಗಳು ಬೆಕ್ಕಿನ ಆಳಾದ. ನೆಕ್ಕದಂತೆ ಕೊರಳಿಗೆ ಕಟ್ಟಲು ನಮ್ಮತ್ತೆಯ ಮಂಡಿಯ ಹಳೆಯ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ ಬಟ್ಟಲಿನಂತೆ ಸುತ್ತಿದೆ. ಆ ಬೆಕ್ಕು ಅತ್ತೆಯ ಮಂಡಿಚಿಪ್ಪಿನ ನಡುವೆ ಮುಖವಿಟ್ಟುಕೊಂಡು ನನ್ನನ್ನು ನೋಡುತ್ತಿದ್ದ ತಿರಸ್ಕಾರವನ್ನು ಯಾವ ಮೇಲಧಿಕಾರಿಯ ಕಣ್ಣಲ್ಲೂ ನಾನು ಕಂಡಿಲ್ಲ. ದಿನಾ ಸಂಜೆ ಬೇಲಿಯ ಮೇಲೆ ಒಂದು ಸೋಡಾ ಬಾಟಲಿ ಇರುತ್ತಿತ್ತು. ಜಮೀಲಮ್ಮ ಅದರ ತುಂಬ ಬಿಸಿನೀರು ತುಂಬಿಟ್ಟಿರುತ್ತಿದ್ದರು. ಅದಕ್ಕೆ ಟವೆಲ್ ಸುತ್ತಿ ಬೆಕ್ಕಿನ ಬೆನ್ನಿಗಿಡಬೇಕು. ಒಂದು ದಿನ ಟವೆಲ್ ಸುತ್ತದೆ ಬರಿಯ ಬಾಟಲಿ ಇಟ್ಟಿದ್ದೆ. ಮಾರನೆಯ ದಿನ ತಪಾಸಣೆಗೆ ಬಂದವರು ಹೊಸದಾಗಿ ಬಿಸಿನೀರು ತುಂಬಿದ ಬಾಟಲಿಯನ್ನು ನನ್ನ ಅಂಗೈಗೆ ಒತ್ತಿ ಹಿಡಿದು, ನಾನು ಕೈ ಎಳೆದುಕೊಳ್ಳುವ ತನಕ ಬಿಡಲಿಲ್ಲ.

ಹೌದು, ದಿನಾ ಮಧ್ಯಾಹ್ನ ತಪಾಸಣೆ. ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು, ಪಾದದ ಬಟ್ಟೆ ಬಿಚ್ಚಿಸಿ ನೋಡಿ, ಮೂಸಿ, ಏನೂ ಹೇಳದೆ ಹೋಗುತ್ತಿದ್ದರು. ಹೇಳಿದರೆ ತಪ್ಪೇ ಹೇಳುತ್ತಿದ್ದರು. ಬೆಕ್ಕು ಆಟಕ್ಕೆ ಏಳುವುದಿಲ್ಲವೆಂದು ನಾನು ಒಂದು ಉಪಾಯ ಮಾಡಿದ್ದೆ. ರೇಷ್ಮೆ ನೂಲಿನ ತುಂಡೊಂದು ಓಣಿಯಲ್ಲಿ ಸಿಕ್ಕಿತ್ತು, ಅದರ ತುದಿಗೆ ಕಾಗದ ಕಟ್ಟಿ ಅಲ್ಲಾಡಿಸುತ್ತಿದ್ದೆ; ಬೆಕ್ಕು ಮೊದಲ ಸಲ ತಲೆ ಎತ್ತಿ ಕೈಚಾಚಿತ್ತು. ಜಮೀಲಮ್ಮ ಬಂದವರೇ ದಾರವನ್ನು ನನ್ನ ಕೈಯಿಂದ ಕಿತ್ತುಕೊಂಡರು. ದಾರ ಹೊಟ್ಟೆಗೆ ಹೋದರೆ ಕರುಳನ್ನೇ ಹೊಲಿದು ಕೂರಿಸುತ್ತದೆ, ಅದಕ್ಕೇ ಶೆಡ್ಡಿನಲ್ಲಿ ನೂಲಿನ ಚೂರನ್ನೆಲ್ಲ ಮುಚ್ಚಳದ ಡ್ರಮ್ಮಿಗೆ ಹಾಕಿಡುವುದು, ಇಷ್ಟೂ ಗೊತ್ತಿಲ್ಲದೆ ಯಾವ ಆಸ್ಪತ್ರೆಯಲ್ಲಿ ಸಂಬಳ ತಗೋತೀರಿ ಎಂದು ಕೇಳಿದರು. ನಾನು ನಮ್ಮ ಡಾಕ್ಟರನ್ನು ಕೇಳಿದೆ. ಜಮೀಲಮ್ಮ ಹೇಳಿದ್ದು ನೂರಕ್ಕೆ ನೂರು ನಿಜ, ದಾರ ನುಂಗಿದ ಬೆಕ್ಕನ್ನು ಕೊಯ್ದು ನೋಡಿದ್ದೇನೆ ಎಂದರು.

ಆಮೇಲೆ ಜಮೀಲಮ್ಮ ಚನ್ನಪಟ್ಟಣದ ತಮ್ಮನಿಗೆ ಹೇಳಿ ಕಳಿಸಿ ಒಂದು ಚೀಲದಷ್ಟು ಬಣ್ಣ ಹಚ್ಚದ ಮರದ ಉಂಡೆ, ಬಳೆ, ಗಿಲಕಿ ತರಿಸಿಕೊಟ್ಟರು. ಕಡೆಯುವಾಗ ಅಳತೆ ತಪ್ಪಿದ ಮಾಲು. ಉಂಡೆ ಉರುಳಿಸಿದರೆ ಗೂಡಿ ನೋಡುತ್ತಿರಲಿಲ್ಲ. ಉಂಡೆಯ ಹಿಂದೆ ನಾನು ಮಂಡಿಯೂರಿ ಹೋದರೆ ನೋಡುತ್ತಿತ್ತು. ಕೊನೆಗೆ ಅದಕ್ಕೆ ಮನರಂಜನೆ ಎಂದರೆ ಉಂಡೆಯಲ್ಲ, ನಾನು ಎಂಬುದು ಖಚಿತವಾಯಿತು. ನೂಲು ತೆಗೆದ ಗೂಡಿನೊಳಗೆ ಉಳಿಯುವ ಬೆಂದ ರೇಷ್ಮೆಹುಳುಗಳನ್ನು ಕೋಣೆಯ ನಾಲ್ಕು ಮೂಲೆಯಲ್ಲಿ, ಕಪಾಟಿನ ಅಡಿಯಲ್ಲಿ, ಚಾಪೆಯ ಸುರುಳಿಯಲ್ಲಿ ಒಂದೊಂದಾಗಿ ಬಚ್ಚಿಟ್ಟು, ಬೆಕ್ಕಿನ ಮುಂದೆ ನಾನೇ ಹುಡುಕುವವನಂತೆ ನಟಿಸಬೇಕು. ಅದು ಒಂದೊಂದೇ ಹೆಜ್ಜೆ ಇಡುತ್ತಾ ಹಿಂದೆ ಬರುತ್ತಿತ್ತು. ಮೊದಲ ದಿನ ಎರಡು ಹೆಜ್ಜೆ, ನಾಲ್ಕನೆಯ ದಿನ ಗೋಡೆಯ ತನಕ. ಬಿಸಿಲು ಏರಿದ ಮೇಲೆ ಹಿತ್ತಲಲ್ಲಿ ಒಣಮೀನಿನ ತುಂಡು ಹಿಡಿದು ನಾನು ಹಿಂದಕ್ಕೆ ಹಿಂದಕ್ಕೆ ನಡೆಯುವುದು, ಬೆಕ್ಕು ಎಕ್ಸ್‌ರೇ ಹಾಕಿಕೊಂಡು ಮುಂದಕ್ಕೆ ಮುಂದಕ್ಕೆ ಬರುವುದು. ಶೆಡ್ಡಿನ ಕೆಲಸದವರು ಚರಕ ನಿಲ್ಲಿಸಿ ಬೇಲಿಯ ಮೇಲೆ ಸಾಲಾಗಿ ತಲೆಯಿಟ್ಟು ನೋಡುತ್ತಿದ್ದರು. ಅವರಲ್ಲೊಬ್ಬ, ಬೆಕ್ಕಿಗೆ ಡ್ರಿಲ್ ಮಾಡಿಸ್ತಾ ಇದ್ದೀರಾ ಡಾಕ್ಟ್ರೇ ಎಂದು ಕೇಳಿದ. ಹಲ್ಲುಜ್ಜುತ್ತಾ ನಾನು ನಕ್ಕಿದ್ದನ್ನೆಲ್ಲ ಅವರು ಒಟ್ಟಿಗೆ ತೀರಿಸಿಕೊಂಡರು.

ಆದರೆ ಒಂದು ಮಾತು. ಒಂದು ಮಧ್ಯಾಹ್ನ ಊಟ ಮುಗಿಸಿ ಗೋಡೆಗೊರಗಿ ಕಾಲು ಚಾಚಿದ್ದೆ. ಯಾರೂ ಕರೆಯದೆ ಗೂಡಿ ಎದ್ದು ಕುಂಟುತ್ತಾ ಬಂದು, ನನ್ನ ಎರಡು ಕಾಲಿನ ನಡುವೆ ಸುತ್ತಿಕೊಂಡು ಮಲಗಿತು. ಬಿಸಿನೀರಿನ ಬಾಟಲಿ ಅಲ್ಲೇ ಇತ್ತು, ಅದರ ಹತ್ತಿರ ಹೋಗಲಿಲ್ಲ. ಆಫೀಸಿಗೆ ಹೊತ್ತಾಗುತ್ತದೆಂದು ಜಯ ಎರಡು ಸಲ ಎಚ್ಚರಿಸಿದಳು. ಅಲ್ಲಾಡಲು ನನಗೆ ಧೈರ್ಯ ಬರಲಿಲ್ಲ. ತನ್ನನ್ನು ಸುಟ್ಟವನು ಇವನೇ ಎಂದು ಅದಕ್ಕೆ ಗೊತ್ತಿಲ್ಲವಲ್ಲ ಎಂದು ಅದರ ತುದಿಯಿಲ್ಲದ ಕಿವಿಯನ್ನೇ ನೋಡುತ್ತಾ ಕೂತೆ. ಆವತ್ತು ಅರ್ಧ ದಿನ ರಜ ಹಾಕಿದೆ. ಅರ್ಜಿಯಲ್ಲಿ ಕಾರಣ ಏನು ಬರೆದೆನೋ ನೆನಪಿಲ್ಲ.

ಸಂಕ್ರಾಂತಿ ಕಳೆದು ಎರಡು ವಾರಕ್ಕೆ ಬಟ್ಟೆ ಬಿಚ್ಚಿದೆವು. ಕಿವಿಯ ತುದಿ ಬರಲಿಲ್ಲ, ಒಂದು ಪಾದ ಒಸಿ ಒಳಕ್ಕೆ ತಿರುಗಿಯೇ ಉಳಿಯಿತು. ಆದರೆ ಅದು ಬೇಲಿ ಹಾರುತ್ತಿತ್ತು, ಇಲಿ ಹಿಡಿಯುತ್ತಿತ್ತು. ಜಮೀಲಮ್ಮ ಬಂದು ಎತ್ತಿಕೊಂಡು ಹೋದರು. ಥ್ಯಾಂಕ್ಸ್ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆವತ್ತಾದರೂ ನಾನು ನಿಜ ಹೇಳಬಹುದಿತ್ತು, ನಾಲಿಗೆಯ ತನಕ ಬಂದಿತ್ತು. ಹೇಳಲಿಲ್ಲ. ಎರಡು ವರ್ಷದ ಮೇಲೆ ನನಗೆ ಮತ್ತೆ ವರ್ಗವಾಯಿತು. ಗೂಡಿ ಇನ್ನೂ ಆರು ಚಳಿಗಾಲ ಬದುಕಿತ್ತೆಂದು ಆಮೇಲೆ ಯಾರಿಂದಲೋ ತಿಳಿಯಿತು. ಜಮೀಲಮ್ಮ ಚರಕಗಳನ್ನು ಮಾರಿ ಕನಕಪುರದ ಮಗಳ ಮನೆ ಸೇರಿದ್ದು ತಿಳಿಯಿತು. ನಿವೃತ್ತಿಯಾಗಿ ನಾವು ರಾಮನಗರಕ್ಕೇ ಮರಳಿದ ಮೇಲೆ ಕನಕಪುರವೇನು ದೂರವೇ? ಬಸ್ಸು ಹತ್ತಿದರೆ ಒಂದು ಗಂಟೆಯ ದಾರಿ. ಆದರೂ ಹೋಗದಿರಲು ಪ್ರತಿ ವರ್ಷ ಒಂದೊಂದು ಕಾರಣ ಸಿಗುತ್ತಿತ್ತು.

ಶ್ವೇತಾಳಿಗೆ ಅರ್ಧ ಗಂಟೆ ಪಾಠ ಹೇಳಿದ ಮಾರನೆಯ ದಿನ ನಾನು ಕನಕಪುರದ ಬಸ್ಸು ಹತ್ತಿದೆ. ಜಯ ಬರಲೇ ಎಂದು ಕೇಳಿದಳು, ಬೇಡವೆಂದೆ. ಅವಳೂ ಒತ್ತಾಯ ಮಾಡಲಿಲ್ಲ. ಒಂದು ಡಬ್ಬಿಯ ತುಂಬ ಹಿತುಕಿದ ಬೇಳೆ ಹುಳಿ ಕೊಟ್ಟು ಕಳಿಸಿದಳು.

ಜಮೀಲಮ್ಮ ಮಗಳ ಮನೆಯ ಜಗಲಿಯಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದರು. ಮುಖ ಸಣ್ಣಗಾಗಿದೆ, ಕಣ್ಣು ಮಂಜು. ಬೆರಳುಗಳು ಮಾತ್ರ ಒಣಗಿ ಎಲ್ಲರ ಬೆರಳಿನಂತಾಗಿವೆ. ಅದನ್ನು ನೋಡಿ ಯಾಕೋ ಸಂಕಟವಾಯಿತು. ದನಿಯಿಂದ ಗುರುತು ಹಿಡಿದರು. ಜಯಮ್ಮನ ಕೈ ವಾಸಿಯಾಯ್ತಾ ಎಂದು ನಿನ್ನೆಯ ಗಾಯದಂತೆ ಕೇಳಿದರು. ಚಹಾ ಬಂತು. ಅವರ ಮಗಳು ಮನೆಗೆ ಬಂದಿದ್ದ ಯಾರಿಗೋ ನನ್ನನ್ನು ತೋರಿಸಿ ಇವರು ಯಾರೆಂದು ಹೇಳಲು ತಡಕಾಡುತ್ತಿದ್ದಾಗ ಜಮೀಲಮ್ಮನೇ ಹೇಳಿದರು: ದನದ ಡಾಕ್ಟ್ರು, ಬೆಕ್ಕಿನ ಕೆಲಸ ಮಾತ್ರ ನನ್ನತ್ರ ಕಲಿತಿದ್ದು. ಎಲ್ಲರೂ ಒಳಗೆ ಹೋದ ಮೇಲೆ ನಾನು ಲೋಟ ಕೆಳಗಿಟ್ಟೆ.

“ಜಮೀಲಮ್ಮ, ಅವತ್ತು ನಾನು ಒಲೆ ತಟ್ಟಿರಲಿಲ್ಲ. ಒಳಗೆ ಅದು ಕೂಗಿದ್ದು ಕೇಳಿಸ್ತು. ಕಡ್ಡಿ ಅಂದ್ಕೊಂಡು ಊದಿದೆ.”

 ತಟ್ಟಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಊದಿದ್ದು ಗೊತ್ತಿರಲಿಲ್ಲ. ಅವರ ದವಡೆ ಒಮ್ಮೆ ಬಿಗಿಯಿತು. ಹಳೆಯ ಸಿಟ್ಟು ಎದ್ದು ಬಂದು, ಕೂರಲು ಸ್ವಲ್ಪ ಹೊತ್ತು ಹಿಡಿಯಿತು.

“ತಟ್ಟಿಲ್ಲ ಅಂತ ಗೊತ್ತಾಗೇ ನಿಮ್ಮತ್ರ ಬುಟ್ಟಿದ್ದು,” ಎಂದರು. “ನಿಜವಾಗ್ಲೂ ತಟ್ಟಿದ್ದಿದ್ರೆ, ನನ್ನ ತಪ್ಪೇನೈತೆ ಅಂತ ಎರಡು ದಿನ ಮುಲಾಮು ಹಚ್ಚಿ ಕೈ ತೊಳ್ಕೊಂತಿದ್ರಿ. ಸುಳ್ಳು ಹೇಳ್ದೋರು ತಿಂಗಳಗಟ್ಲೆ ನೋಡ್ಕಂತಾರೆ.”

ಇಪ್ಪತ್ತು ವರ್ಷ ನಾನು ಬಚ್ಚಿಟ್ಟುಕೊಂಡಿದ್ದ ಸುಳ್ಳನ್ನು ಈ ಹೆಂಗಸು ಅವತ್ತೇ ತೆಗೆದುಕೊಂಡು ಬೆಕ್ಕಿನ ಚಾಕರಿಗೆ ಹಚ್ಚಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಲು ಅವರು ಬಿಡಲೂ ಇಲ್ಲ. ಈ ಮನೆಯಲ್ಲೂ ಮೂರು ಬೆಕ್ಕು ಇವೆಯಂತೆ. ಅದರಲ್ಲಿ ಚಿಕ್ಕದು ನಾಲ್ಕು ದಿನದಿಂದ ಕಿವಿ ಕೆರೆದುಕೊಳ್ಳುತ್ತಿದೆಯಂತೆ, ಮಗಳಿಗೆ ಹೇಳಿದರೆ ಚಳಿಗೆ ಹಾಗೇ ಎನ್ನುತ್ತಾಳಂತೆ. ಹೇಗೂ ಬಂದಿದ್ದೀರಿ, ನೋಡಿ ಎಂದರು. ಕಾಂಪೌಂಡಿನ ಮೂಲೆಯಲ್ಲಿ, ಬಿಸಿಲು ಬಿದ್ದ ಹೂಕುಂಡದ ಹಿಂದೆ ಬೂದು ಬಣ್ಣದ ಒಂದು ಮರಿ ನನ್ನನ್ನೇ ನೋಡುತ್ತಾ ಕೂತಿತ್ತು.

ನಾನು ಜಗಲಿಯಿಂದ ಇಳಿದು ನೆಲದ ಮೇಲೆ ಕೂತೆ. ಕರೆದೆ. ಅದು ಬರಲಿಲ್ಲ. ಕೈ ಚಾಚಿ, ಅಲ್ಲಾಡದೆ ಕಾದೆ. ರಾಮನಗರದ ಬಸ್ಸು ಮೂರು ಗಂಟೆಗಿತ್ತು, ತಪ್ಪಿದರೆ ಇನ್ನೊಂದು ನಾಲ್ಕೂವರೆಗೆ. ನಾನು ಗಡಿಯಾರ ನೋಡಲಿಲ್ಲ.